ಮುಂದೆ ಬಂದ ಬಲಗಾಲು

ನಿಸರ್ಗ ಬಗ್ಗಿದಳು. ಎಮಿಲ್ ತಾರೋನ ಬಲಗಾಲು ಒಂದು ಗೇಣು ಮುಂದೆ ಬಂತು.

ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಹಾಲೆಂಡಿನ ಆಮ್ಸ್ಟೆಲ್‌ವೀನ್‌ನ ಹರಿಪ್ರಸಾದನ ಮನೆಯಲ್ಲಿ ಆ ಭಾನುವಾರ ಸತ್ಯನಾರಾಯಣ ಪೂಜೆ. ಮಲ್ಲೇಶ್ವರದ ಪುರೋಹಿತರು ಐಪ್ಯಾಡಿನೊಳಗೆ ಕೂತು ಮಂತ್ರ ಹೇಳಿ ಮುಗಿಸಿದ್ದರು. ಮನೆಯೊಡತಿ ನಾಗಮಣಿಗೆ ಒಂದು ಹಟವಿದೆ: ಮಗಳು ಡಚ್ ಶಾಲೆಗೆ ಹೋದರೇನು, ಮನೆಗೆ ಬಂದ ಹಿರಿಯರೆಲ್ಲರ ಕಾಲಿಗೂ ಬೀಳಬೇಕು.

"ಮೂಟ್ ದಾತ್, ಅಮ್ಮಾ?" ಎಂದು ನಿಸರ್ಗ ಡಚ್ಚಿನಲ್ಲಿ ಗೊಣಗಿದ್ದಳು. ಮಾಡಲೇಬೇಕಾ ಎಂದು.

"ಮಾಡ್ಲೇಬೇಕು ಪುಟ್ಟ. ವಿಮ್ ಅಂಕಲ್‌ಗೂ ಮಾಡು, ಎಮಿಲ್ ಅಂಕಲ್‌ಗೂ ಮಾಡು."

ಪಕ್ಕದ ಮನೆಯ ವಿಮ್, ಹುಡುಗಿ ತನ್ನ ಕಾಲುಚೀಲ ಎಳೆಯಲು ಬಂದಳೆಂದುಕೊಂಡು ಹಾರಿ ಸೋಫಾದ ಮೇಲೆ ಬಿದ್ದ. ಎಲ್ಲರೂ ನಕ್ಕರು. ಪರದೇಶದವರು ಹಾಗೆಯೇ ಮಾಡುವುದು. ಕಾಲಿಗೆ ಬಿದ್ದರೆ ಅವರಿಗೆ ದಿಗಿಲು, ನಾಚಿಕೆ.

ಎಮಿಲ್ ಹಾರಲಿಲ್ಲ. ಕಾಲು ಮುಂದಿಟ್ಟ. ಎರಡು ಬೆರಳಿನಿಂದ ಮಗುವಿನ ಕತ್ತಿನ ಹಿಂಭಾಗಕ್ಕೆ ಮೆಲ್ಲಗೆ ತಟ್ಟಿದ. ಅವನ ಕಣ್ಣು ಮಗುವಿನ ಮೇಲಿರಲಿಲ್ಲ, ಕಿಟಕಿಯ ಹೊರಗಿತ್ತು. ದಿನವೂ ನೂರಾರು ಜನರಿಂದ ಬೀಳಿಸಿಕೊಂಡು ಬೇಸತ್ತವನ ರೀತಿ ಅದು.

ಆ ಬೆರಳು ಮುಟ್ಟಿದ ಜಾಗವನ್ನು ಸೆರಗಿನಿಂದ ಒರೆಸಬೇಕೆನ್ನಿಸಿತು.

ನಾನು ಪ್ರಭಾ. ಮೈಸೂರಿನವಳು. ಗಂಡನ ಕೆಲಸದ ಪರ್ಮಿಟ್ಟಿನ ಬಾಲ ಹಿಡಿದು ಈ ದೇಶಕ್ಕೆ ಬಂದು, ಲೈಸೆನ್ಸ್ ಪಡೆದು ಪತ್ತೇದಾರಿಕೆ ಮಾಡುತ್ತೇನೆ. ಗಂಡು ಹೇಗೆ, ಸಂಬಳ ನಿಜವೇ ಎಂದು ವಿಚಾರಿಸುವುದೇ ಹೆಚ್ಚಿನ ದಿನದ ಕೆಲಸ. ಈ ಸಲದ ಕೆಲಸ ಹಾಗಿರಲಿಲ್ಲ. ಮರ್ಜಾನ್ ದೇಶದ ಸರ್ವಾಧಿಕಾರಿಯ ಬಲಗೈಯಾಗಿ ಖಾಸಗಿ ಪಡೆಯೊಂದನ್ನು ಆಳಿದ ಸಾರೆಕ್, ಸರ್ಕಾರಿ ಗೌರವದೊಂದಿಗೆ ಮಣ್ಣಾದ ಸಾರೆಕ್, ಸಾಯದೆ ಹಾಲೆಂಡಿನಲ್ಲಿದ್ದಾನೆಂದು ನಮ್ಮವರು ಮಾತಾಡಿಕೊಳ್ಳುತ್ತಿದ್ದಾರೆ; ಹುಡುಕಿಕೊಡಿ ಎಂದು ಆ ದೇಶದ ಹೆಣ್ಣುಮಗಳು ಮಿರಾ ನನ್ನ ಬಳಿ ಬಂದಿದ್ದಳು.

ಮಿರಾ ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಸಂಶೋಧಕಿ; ಗಂಡ ಬಿಟ್ಟು ಓಡಿದ ಮೇಲೆ ಒಬ್ಬಳೇ ಇಲ್ಲಿಗೆ ಬಂದವಳು. ಅವಳ ತಮ್ಮ ದಾವಿತ್‌ನನ್ನು ಸಾರೆಕ್‌ನ ಜನ ಕೆಲವು ವರ್ಷಗಳ ಹಿಂದೆ ರಸ್ತೆ ತಪಾಸಣೆಯಲ್ಲಿ ಎಳೆದೊಯ್ದರು. ಬಿಡಿಸಿಕೊಳ್ಳಲು ಹೋದ ಮಿರಾ ಸಾರೆಕ್‌ನ ಕಾಲಿಗೆ ಬಿದ್ದಳು. "ಅವನು ನನ್ನನ್ನು ನೋಡಲೂ ಇಲ್ಲ," ಎಂದಿದ್ದಳು ಮೊದಲ ದಿನವೇ. "ಬಲಗಾಲು ಮುಂದಿಟ್ಟ. ಕತ್ತಿಗೆ ಎರಡು ಬೆರಳು ತಟ್ಟಿದ. ಅಂದರೆ ಎದ್ದು ಹೋಗು ಎಂದು. ಅಂಗೈ ಇಟ್ಟರೆ ಹಿಂದೆ ನಿಂತವರು ನಮ್ಮನ್ನೂ ಒಳಗೆ ಒಯ್ಯುತ್ತಿದ್ದರು."

ಅದಾದ ವಾರದಲ್ಲೇ ಸಾರೆಕ್‌ನ ಕಾರು ಸ್ಫೋಟವಾಯಿತು. ಗುರುತು ಸಿಗದಂತೆ ಸುಟ್ಟ ಒಂದು ಹೆಣ ಸಿಕ್ಕಿತು. ದಾವಿತ್ ಮಾತ್ರ ಎಲ್ಲೂ ಸಿಗಲಿಲ್ಲ. ಸಾರೆಕ್‌ನದೂ ದಾವಿತ್‌ನದೂ ಒಂದೇ ಎತ್ತರ.

ಎಮಿಲ್ ಕಿಟಕಿಯಿಂದ ಕಣ್ಣು ತೆಗೆದ. ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಆ ಕಾಲು ತಟ್ಟನೆ ಹಿಂದೆ ಸರಿಯಿತು.

"ಅಂಗಡಿಯಲ್ಲಿ ಕೆಲಸವಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಅವನು ಬೂಟು ಹಾಕಿಕೊಂಡ.

"ಅಯ್ಯೋ, ಪ್ರಸಾದ ತಗೊಳ್ದೆ ಹೋಗ್ತಾರಲ್ಲೇ," ಎಂದು ನಾಗಮಣಿ ತಟ್ಟೆ ಹಿಡಿದು ಬಾಗಿಲಿಗೆ ಓಡುವಷ್ಟರಲ್ಲಿ ಅವನ ಸೈಕಲ್ ತಿರುವು ದಾಟಿತ್ತು.

ಅವನ ಬಗ್ಗೆ ನಾಗಮಣಿಯನ್ನು ಬಿಡದೆ ವಿಚಾರಿಸಿದೆ. ಎಮಿಲ್ ತಾರೋ ನಮ್ಮವರಿಗೆಲ್ಲ ಬೇಕಾದವನು. ಟ್ರಾಮ್ ಸ್ಟಾಪಿನೆದುರು ಸೈಕಲ್ ರಿಪೇರಿ ಅಂಗಡಿ. ಮಕ್ಕಳ ಪಂಕ್ಚರಿಗೆ ಕಾಸು ಕೇಳುವುದಿಲ್ಲ. ಊರಲ್ಲಿ ಇತಿಹಾಸದ ಮೇಷ್ಟ್ರಾಗಿದ್ದೆ, ಯುದ್ಧದಲ್ಲಿ ಎಲ್ಲ ಕಳೆದುಕೊಂಡೆ ಎನ್ನುತ್ತಿದ್ದ. ಸಾರೆಕ್‌ನ ಹಳೆಯ ಚಿತ್ರಗಳಲ್ಲಿ ಕಪ್ಪು ಕನ್ನಡಕ, ಎದೆಯವರೆಗೆ ಗಡ್ಡ, ಗುಡಾಣದಂಥ ಹೊಟ್ಟೆ. ಎಮಿಲ್‌ಗೆ ಇದೊಂದೂ ಇಲ್ಲ. ಮುಖ ಬದಲಿಸಿಕೊಳ್ಳಬಹುದು, ಕಾಲಿನ ಅಭ್ಯಾಸ ಬದಲಿಸಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ? ಈ ದೇಶದಲ್ಲಿ ಯಾರೂ ಅವನ ಕಾಲಿಗೆ ಬಿದ್ದಿರಲಿಲ್ಲ, ನಾಗಮಣಿಯ ಮಗಳು ಬೀಳುವವರೆಗೆ.

ಪೊಲೀಸರಿಗೆ ಫೋನ್ ಮಾಡಿದೆ. ಇಂಥ ಪ್ರಕರಣಗಳಿಗೆಂದೇ ಅವರಲ್ಲೊಂದು ತಂಡವಿದೆ. ಫೋನ್ ಎತ್ತಿಕೊಂಡ ಅಧಿಕಾರಿಣಿ ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

"ಕಾಲು ಮುಂದಿಟ್ಟದ್ದಕ್ಕೆ ಯಾರನ್ನೂ ಬಂಧಿಸಲು ಬರುವುದಿಲ್ಲ, ಮೆವ್ರಾವ್ ಪ್ರಭಾ," ಎಂದಳು. "ಆದರೂ ನಾಳೆ ಮಧ್ಯಾಹ್ನ ಬಂದು ಮಾತಾಡಿಸುತ್ತೇವೆ. ಅಲ್ಲಿಯವರೆಗೆ ನೀವು ಅಂಗಡಿಯ ಹತ್ತಿರ ಹೋಗಬೇಡಿ."

ಹೋಗುವುದಿಲ್ಲ ಎಂದೆ. ನಿಜಕ್ಕೂ ಹೋಗುವ ಮನಸ್ಸಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾಗಮಣಿಯ ಫೋನ್ ಬಂತು.

"ಪ್ರಭಾ, ರಾತ್ರಿಯೆಲ್ಲಾ ನನಗೆ ಮನಸ್ಸೇ ಸರಿ ಇರ್ಲಿಲ್ಲ ಕಣೇ. ಪ್ರಸಾದ ಬಿಟ್ಟು ಹೋದ್ರೆ ಏನಾಗತ್ತೆ ಅಂತ ಪೂಜೆ ಕಥೇಲೇ ಇದೆಯಲ್ಲ. ಅದಕ್ಕೆ ಎಮಿಲ್‌ಗೆ ಫೋನ್ ಮಾಡ್ದೆ."

"ಮಾಡಿ?"

"ಡಬ್ಬಿಗೆ ಹಾಕಿ ಪ್ರಭಾ ಕೈಲಿ ಕಳಿಸ್ತೀನಿ ಅಂದೆ. ಅವಳು ನಿಮ್ಮ ಬಗ್ಗೆ ಎಷ್ಟು ಕೇಳಿದ್ಲು ಗೊತ್ತಾ, ಡಿಟೆಕ್ಟಿವ್ ಅಲ್ವಾ, ಸುಮ್ನೆ ಬಿಡಲ್ಲ ಅಂತ ತಮಾಷೆ ಮಾಡ್ದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಅದಕ್ಕೆ ಅವನೇನಂದ?"

"ಅದೇ ವಿಚಿತ್ರ ಕಣೇ. ಇವತ್ತು ಅಂಗಡಿ ಕ್ಲೋಸ್ ಮಾಡ್ತೀನಿ, ನಿಸರ್ಗನ ಸೈಕಲ್ ತಗೊಂಡು ಹೋಗಿ ಅಂದ್ರು. ನಾರ್ವೆ ಕಡೆ ಹೋಗ್ತಾರಂತೆ. ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಅವಳ ಒಳ್ಳೆಯತನಕ್ಕೆ ಕೈ ಮುಗಿಯಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ. "ಇಲ್ಲ ಮಾರಾಯ್ತಿ. ಡಬ್ಬಿ ರೆಡಿ ಮಾಡು, ಬರ್ತಾ ಇದೀನಿ," ಎಂದೆ.

ಮತ್ತೆ ಫೋನ್ ಮಾಡಿದಾಗ ಪೊಲೀಸರು ಈಗಲೇ ಹೊರಡುತ್ತೇವೆ, ಆದರೂ ತಡವಾಗುತ್ತದೆ ಎಂದರು. ಅಷ್ಟರಲ್ಲಿ ಅವನು ಹೋದರೆ ಹೋದ ಹಾಗೆಯೇ. ಒಮ್ಮೆ ಸತ್ತು ತೋರಿಸಿದವನಿಗೆ ಇನ್ನೊಮ್ಮೆ ಮಾಯವಾಗುವುದು ದೊಡ್ಡ ಮಾತಲ್ಲ.

ಟ್ರಾಮ್ ಸ್ಟಾಪಿಗೆ ಬಂದರೆ ಮಿರಾ ಆಗಲೇ ನಿಂತಿದ್ದಳು. ಹೇಳದೆ ಇರಲಾಗದೆ ನಾನೇ ಮೆಸೇಜು ಮಾಡಿದ್ದೆ. ತುಂತುರಿನಲ್ಲಿ ಕೂದಲು ಹಣೆಗಂಟಿತ್ತು.

"ನೀನು ಇಲ್ಲೇ ಇರಬೇಕು. ಏನೇ ಆದರೂ ರಸ್ತೆ ದಾಟಬಾರದು," ಎಂದೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ.

"ಅವನಿಗೆ ಶಿಕ್ಷೆ ಕೊಡಿಸುವುದು ಪೊಲೀಸರಿಗೆ ಬಿಡಿ," ಎಂದಳು. "ನನಗೆ ಒಂದು ಉತ್ತರ ಸಾಕು. ಆ ಕಾರಿನಲ್ಲಿ ಸುಟ್ಟದ್ದು ದಾವಿತ್‌ನನ್ನೇ? ಅಮ್ಮ ಇನ್ನೂ ಸೂತಕದ ಕಪ್ಪು ಬಟ್ಟೆ ಉಡಲು ಒಪ್ಪಿಲ್ಲ. ಅವನು ಸತ್ತ ಎಂದಾದರೂ ಗೊತ್ತಾದರೆ ಅಳಬಹುದು. ಅಳುವುದಕ್ಕೂ ನಮಗೆ ಬಿಟ್ಟಿಲ್ಲ ಅವನು."

ಅವಳ ಕೈ ಹಿಡಿದು ಅದುಮಿದೆ.

ಅಂಗಡಿಯ ಗಾಜಿನ ಬಾಗಿಲಲ್ಲಿ ಮುಚ್ಚಿದೆ ಎಂಬ ಡಚ್ ಫಲಕ ತೂಗುತ್ತಿತ್ತು. ತಳ್ಳಿದರೆ ತೆರೆಯಿತು. ದೀಪ ಆರಿಸಿದ್ದ. ಕೊಕ್ಕೆಗಳಿಗೆ ನೇತುಹಾಕಿದ್ದ ಸೈಕಲ್ಲುಗಳ ಕೆಳಗೆ, ಮೋಡದ ಮಬ್ಬು ಬೆಳಕಿನಲ್ಲಿ ಅವನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ರಬ್ಬರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಹೊಡೆಯಿತು.

"ಪ್ರಸಾದ ತಂದಿರಾ?" ಎಂದ, ತಿರುಗಿ ನೋಡದೆ.

"ಸಪಾದ. ರವೆ, ತುಪ್ಪ, ಬಾಳೆಹಣ್ಣು. ಬಿಟ್ಟುಹೋದರೆ ಒಳ್ಳೆಯದಾಗುವುದಿಲ್ಲವಂತೆ."

"ಅಲ್ಲಿಡಿ."

ಇಟ್ಟೆ. ಹೋಗಲಿಲ್ಲ.

"ಊರಲ್ಲಿ ಮೇಷ್ಟ್ರಾಗಿದ್ದಿರಿ, ಅಲ್ಲವೇ?"

"ಇತಿಹಾಸ ಹೇಳಿಕೊಡುತ್ತಿದ್ದೆ."

"ನಮ್ಮಲ್ಲೂ ಮೇಷ್ಟ್ರ ಕಾಲಿಗೆ ಮಕ್ಕಳು ಬೀಳುತ್ತಾರೆ. ಮೇಷ್ಟ್ರು ಬಗ್ಗಿ ಎಬ್ಬಿಸುತ್ತಾರೆ. ಕಾಲು ಮುಂದಿಡುವವರು ಬೇರೆಯೇ ಜನ. ನಮ್ಮೂರಿನಲ್ಲಾದರೆ ಅಂಥವರ ಕಟೌಟ್ ನಿಲ್ಲಿಸಿರುತ್ತಾರೆ."

ಅವನು ಮೊದಲ ಸಲ ನನ್ನತ್ತ ತಿರುಗಿದ. ನಗುತ್ತಿದ್ದ. "ಕಾಲು. ನಿಮ್ಮ ಹತ್ತಿರ ಇರುವುದು ಅಷ್ಟೇ?"

"ಅಷ್ಟೇ," ಎಂದೆ.

ನಿಜಕ್ಕೂ ಅಷ್ಟೇ ಇತ್ತು. ಆದರೆ ಹಿಂದೆ ಬ್ಯಾಂಕಿನಲ್ಲಿ ವಂಚನೆಗಳ ವಿಚಾರಣೆ ಮಾಡುತ್ತಿದ್ದಾಗ ನಾನೊಂದು ವಿದ್ಯೆ ಕಲಿತಿದ್ದೆ. ಗದ್ದುಗೆಯಿಂದ ಇಳಿದವರ ಹತ್ತಿರ ಸತ್ಯ ಕೇಳಬಾರದು, ಅವರ ಬಗ್ಗೆ ತಪ್ಪು ಹೇಳಬೇಕು. ಬೈದರೆ ಸಹಿಸುತ್ತಾರೆ. ಸಣ್ಣವರೆಂದರೆ ಸಹಿಸುವುದಿಲ್ಲ.

"ಸಾರೆಕ್‌ನ ವಿಚಾರ ಓದಿದೆ," ಎಂದೆ, ಒಂದು ಸೈಕಲ್ಲಿನ ಬೆಲ್ ಒರೆಸುತ್ತ. "ಅಧ್ಯಕ್ಷರ ಮನೆಯ ನಾಯಿ ತಿರುಗಾಡಿಸುವವನಾಗಿದ್ದನಂತೆ. ಪಾಪ ಎಂದು ಅವರೇ ತೋಳಿಗೆ ಪಟ್ಟಿ ಕಟ್ಟಿ ನಾಯಕ ಮಾಡಿದರಂತೆ."

ಬ್ಯಾಗಿನ ಮೇಲಿದ್ದ ಕೈ ನಿಂತಿತು.

"ನಾಯಿ ಎಂದು ಯಾರು ಬರೆದರು?"

"ಎಲ್ಲರೂ ಹಾಗೇ ಅನ್ನುತ್ತಾರೆ."

"ಬಸ್ ನಿಲ್ದಾಣದ ಹಮಾಲಿ ಅವನು. ಹಮಾಲಿಗಳ ಮುಖಂಡ. ಬ್ರೆಡ್ ಸಿಗದ ವರ್ಷ ಬೇಕರಿಗಳ ಮುಂದೆ ಜನ ಒಬ್ಬರನ್ನೊಬ್ಬರು ತುಳಿದು ಕೊಲ್ಲುತ್ತಿದ್ದರು. ಪೊಲೀಸರು ಓಡಿಹೋಗಿದ್ದರು. ಸಾರೆಕ್ ತನ್ನ ಹುಡುಗರ ತೋಳಿಗೆ ಹಸಿರು ಬಟ್ಟೆ ಕಟ್ಟಿ ಊರನ್ನು ಸಾಲಿನಲ್ಲಿ ನಿಲ್ಲಿಸಿದ. ಮುದುಕಿಯರಿಗೆ ಮೊದಲು ಕೊಡಿಸಿದ. ಅವನು ಅಧ್ಯಕ್ಷರ ಬಾಗಿಲಿಗೆ ಹೋಗಲಿಲ್ಲ. ಅಧ್ಯಕ್ಷರೇ ಅವನಿದ್ದಲ್ಲಿಗೆ ಬಂದರು."

"ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತೇವೆ ನಾವು."

"ಗೌಡ ಎಂದರೆ?"

"ಸಾಲು ನಿಲ್ಲಿಸುವವನು. ಅಧ್ಯಕ್ಷರು ಬಂದು ಬಂದೂಕು ಕೊಟ್ಟರೇ?"

"ಮೊದಲು ಒಂದು ಪ್ರಶ್ನೆ ಕೇಳಿದರು. ಸಾಲಿನಲ್ಲಿ ನಿಂತು ನನ್ನನ್ನು ಬೈಯುವವರು ಯಾರು ಎಂದು. ಸಾಲಿನಲ್ಲಿ ನಿಂತವರು ಮಾತಾಡುತ್ತಾರಲ್ಲ. ಸಾರೆಕ್‌ಗೆ ಗೊತ್ತಿತ್ತು. ಹೇಳಿದ. ಆಮೇಲೆ ಬಂದೂಕು ಬಂತು."

ಇಷ್ಟು ಸರಾಗವಾಗಿ ಹೇಳಿಬಿಟ್ಟ. ಅನ್ನ ಹಂಚಿದ ಕೈಯೇ ಹೆಸರು ಹಂಚಿತ್ತು. ಮುಖದಲ್ಲಿ ಪಶ್ಚಾತ್ತಾಪವಿದೆಯೇ ಎಂದು ಹುಡುಕಿದೆ. ಹೆಮ್ಮೆಯೇ ಇತ್ತು.

"ಕೊನೆಗೆ ಅಧ್ಯಕ್ಷರಿಗೇ ಬೇಡವಾದ," ಎಂದೆ. "ಅವನಿಗೆ ಯಾರೂ ಹೆದರುತ್ತಿರಲಿಲ್ಲವಂತೆ. ದಂಡದ ಆಳು ಎಂದು ತೆಗೆದುಹಾಕಿದರಂತೆ."

"ಹೆದರುತ್ತಿದ್ದರು. ಅದೇ ತಪ್ಪಾಯಿತು." ಅವನು ಈಗ ಸ್ಟೂಲಿನ ಮೇಲೆ ಕೂತಿದ್ದ. ಹೊರಡುವ ಅವಸರ ಮರೆತಿದ್ದ. "ರಾಜಧಾನಿಯ ಒಂದು ಗೋಡೆಯ ಮೇಲೆ ಅಧ್ಯಕ್ಷರದೂ ಸಾರೆಕ್‌ನದೂ ಚಿತ್ರ ಬರೆಸಿದರು. ಪೇಂಟರ್ ಯಾರನ್ನು ಮೆಚ್ಚಿಸಲು ಹೊರಟನೋ, ಸಾರೆಕ್‌ನ ಮುಖ ದೊಡ್ಡದಾಯಿತು. ಅಳಿಸಿ ಎಂದು ಸಾರೆಕ್ ಹೇಳಲಿಲ್ಲ. ಬೆಳಿಗ್ಗೆ ಕಾರು ನಿಲ್ಲಿಸಿ ಅದನ್ನು ನೋಡಿಕೊಂಡು ಹೋಗುತ್ತಿದ್ದ."

"ಆಮೇಲೆ?"

"ಅಧ್ಯಕ್ಷರು ಊಟಕ್ಕೆ ಕರೆದರು. ಆಳುಗಳನ್ನು ಹೊರಗೆ ಕಳಿಸಿ ತಾವೇ ಬಡಿಸಿದರು. ನಮ್ಮ ಕಡೆ ದೊಡ್ಡವನು ಚಿಕ್ಕವನಿಗೆ ತನ್ನ ಕೈಯಾರೆ ಬಡಿಸುವುದು ಒಂದೇ ಸಲ, ಮನೆಯಿಂದ ಕಳಿಸಿಕೊಡುವ ದಿನ. ಸಾರೆಕ್ ತಟ್ಟೆ ಖಾಲಿ ಮಾಡಿದ. ಕೈ ತೊಳೆದ. ಮಾರನೆಯ ದಿನ ಕಾರಿನಲ್ಲಿ ಅವನು ಕೂರಲಿಲ್ಲ."

ಗುಟ್ಟಿನ ಹತ್ತಿರ ಬಂದಿದ್ದೆ. ಇನ್ನೊಂದು ಚುಚ್ಚು ಸಾಕು ಎನ್ನಿಸಿತು.

"ಶವಯಾತ್ರೆ ನೋಡಲಾಗುತ್ತಿರಲಿಲ್ಲವಂತೆ. ಅಳುವುದಕ್ಕೂ ಬಾಡಿಗೆ ಜನ ಕರೆಸಿದ್ದರಂತೆ."

"ಬಾಡಿಗೆ?" ಅವನು ಎದ್ದು ನಿಂತ. "ಇಡೀ ಪಟ್ಟಣ ರಸ್ತೆಗಿಳಿದಿತ್ತು. ಅಂಗಡಿ ಮುಚ್ಚಿ ಎಂದು ಯಾರೂ ಹೇಳಿರಲಿಲ್ಲ, ತಾವೇ ಮುಚ್ಚಿದ್ದರು. ಲಾರಿ ಡ್ರೈವರುಗಳ ಹೋಟೆಲಿನಲ್ಲಿ ಕೂತು ಟೀವಿಯಲ್ಲಿ ನೋಡಿದೆ. ನನ್ನನ್ನು ಕೊಲ್ಲಿಸಿದ ಮನುಷ್ಯ ನನ್ನ ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಿದ್ದ."

ಬಾಯಿಂದ ಏನು ಬಿತ್ತೆಂದು ಅವನಿಗೂ ತಿಳಿಯಿತು. ಆದರೆ ಬೆಚ್ಚಲಿಲ್ಲ. ಎಷ್ಟೋ ಕಾಲ ಬಾಯಿ ಕಟ್ಟಿಕೊಂಡಿದ್ದವನಿಗೆ ಹೇಳಿ ಹಗುರಾದ ಹಾಗೆ ಕಂಡಿತು.

"ಸಾರೆಕ್," ಎಂದೆ. "ಆ ಪೆಟ್ಟಿಗೆಯಲ್ಲಿ ಯಾರಿದ್ದರು?"

"ಇದು ನಿಮ್ಮ ಪ್ರಶ್ನೆಯಲ್ಲ. ಟ್ರಾಮ್ ಸ್ಟಾಪಿನಲ್ಲಿ ನೆನೆಯುತ್ತಿದ್ದಾಳಲ್ಲ, ಅವಳದು."

ನಾಗಮಣಿ ಫೋನ್ ಮಾಡಿದ ಕ್ಷಣದಿಂದ ಅವನು ರಸ್ತೆ ಕಾಯುತ್ತಿದ್ದನೆಂದು ಆಗ ಹೊಳೆಯಿತು. ಬಾಗಿಲು ತೆರೆದಿಟ್ಟದ್ದೂ ಮರೆವಿನಿಂದಲ್ಲ.

"ಅವಳದೇ," ಎಂದೆ. "ಅವಳ ತಮ್ಮ ದಾವಿತ್. ಅವನನ್ನು ಸುಟ್ಟಿರಾ? ಹೌದು ಅಥವಾ ಇಲ್ಲ. ಅಷ್ಟು ಹೇಳಿ, ಆಮೇಲೆ ಎಲ್ಲಿಗಾದರೂ ಹೋಗಿ."

ಅವನು ಹಿಂದಿನ ಕೋಣೆಯತ್ತ ನೋಡಿದ.

ಕೋಣೆಯ ಪರದೆ ಸರಿಸಿಕೊಂಡು ಒಬ್ಬ ಹೊರಗೆ ಬಂದ. ಮೂವತ್ತರ ಒಳಗಿನ ವಯಸ್ಸು, ಎಣ್ಣೆ ಮೆತ್ತಿದ ಏಪ್ರನ್. ನನ್ನನ್ನು ದಾಟಿ ಹೋಗಿ ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡ. ಬೆಳಕಿಗೆ ಮುಖ ಬಂತು.

ಮಿರಾಳದೇ ಗಲ್ಲ. ಮಿರಾಳದೇ ಹುಬ್ಬು. ಅವಳು ಫೋನಿನಲ್ಲಿ ದಿನಕ್ಕೊಮ್ಮೆ ತೆಗೆದು ನನಗೆ ತೋರಿಸುತ್ತಿದ್ದ ಮುಖ.

ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಬದುಕಿದ್ದಾನೆ. ಆ ತಾಯಿ ಕಪ್ಪು ಉಡದೆ ಕೂತದ್ದು ಸುಳ್ಳಾಗಲಿಲ್ಲ. ಮರುಕ್ಷಣ ಸಿಟ್ಟು ನೆತ್ತಿಗೇರಿತು.

"ದಾವಿತ್? ಇಲ್ಲಿಂದ ನೂರ್ಡ್‌ವೈಕ್‌ಗೆ ಎಷ್ಟು ದೂರ ಅಂತ ಗೊತ್ತಾ ನಿನಗೆ? ಅಕ್ಕ ಇಲ್ಲೇ ಇದ್ದಾಳೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಇವನು ನಿನ್ನನ್ನು ಕೂಡಿಹಾಕಿದ್ದಾನಾ?"

"ಇಲ್ಲ." ಅವನ ಇಂಗ್ಲಿಷ್ ಅಕ್ಕನಷ್ಟೇ ಸ್ವಚ್ಛ. "ಬಾಗಿಲು ಯಾವತ್ತೂ ತೆರೆದೇ ಇತ್ತು. ನನಗೆ ಹೋಗಲು ಜಾಗವಿರಲಿಲ್ಲ."

"ಅಕ್ಕನ ಹತ್ತಿರ ಹೋಗಬಹುದಿತ್ತು."

ಅವನು ತಲೆಯಾಡಿಸಿದ. "ನನ್ನನ್ನು ಹಿಡಿದ ಮೂರನೆಯ ದಿನ ಇವರು ಕರೆದು ಹೇಳಿದರು. ನಾಳೆ ಕಾರಿನಲ್ಲಿ ಕೂರಲು ಈ ಎತ್ತರದವನೊಬ್ಬ ಬೇಕು. ನೀನು ಕೂರು, ಇಲ್ಲವೇ ನಿನ್ನ ಬದಲು ಇದೇ ಎತ್ತರದ ಇನ್ನೊಬ್ಬನನ್ನು ಕರೆಸು ಎಂದು. ಫೋನ್ ಕೈಗೆ ಕೊಟ್ಟರು. ನಾನು ಕರೆದರೆ ಏನು, ಎತ್ತ ಎಂದು ಕೇಳದೆ ಓಡಿ ಬರುವವನು ಒಬ್ಬನೇ ಇದ್ದ."

"ಯಾರು?"

"ಭಾವ. ಮಿರಾಳ ಗಂಡ."

ಮಿರಾ ಗಂಡನ ಬಗ್ಗೆ ಮಾತಾಡುತ್ತಿದ್ದುದೇ ಕಡಿಮೆ. ಕೇಳಿದಾಗ ಒಂದೇ ಮಾತು: ತಮ್ಮ ಜೈಲಿನಲ್ಲಿದ್ದಾಗ ಹೆದರಿ, ಹೇಳದೆ ಕೇಳದೆ ದೇಶ ಬಿಟ್ಟು ಓಡಿದ ಹೇಡಿ. ಅವನ ಹೆಸರು ಹೇಳುವಾಗಲೂ ಅವಳು ಮೂಗು ಮುರಿಯುತ್ತಿದ್ದಳು.

"ನನ್ನನ್ನು ಬಿಡುತ್ತಾರೆ, ಬಂದು ಕರೆದುಕೊಂಡು ಹೋಗು ಎಂದೆ," ಎಂದ ದಾವಿತ್. "ನನಗೊಂದು ಸ್ವೆಟರ್ ಹಿಡಿದುಕೊಂಡು ಬಂದಿದ್ದ."

ನನಗೆ ಕಣ್ಣು ತುಂಬಿ ಬಂತು. ಎದುರಿಗೆ ನಿಂತವನನ್ನು ಹೊಡೆಯಲೂ ಆಗಲಿಲ್ಲ, ತಬ್ಬಿಕೊಳ್ಳಲೂ ಆಗಲಿಲ್ಲ.

ಹಿಂದಿನ ಕೋಣೆಯಲ್ಲಿ ಚಿಲಕ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಸ್ಟೂಲ್ ಖಾಲಿ. ಬ್ಯಾಗೂ ಇರಲಿಲ್ಲ. ತಮ್ಮನನ್ನು ನನ್ನ ಮುಂದೆ ನಿಲ್ಲಿಸಿ ಸಾರೆಕ್ ಹಿಂಬಾಗಿಲಿನಿಂದ ಹೊರಟಿದ್ದ. ಅಲ್ಲಿಗೆ ಓಡಬೇಕೆಂದು ಕಾಲೆತ್ತುವಷ್ಟರಲ್ಲಿ ಮುಂದಿನ ಗಾಜಿಗೆ ಯಾರೋ ತಟ್ಟಿದರು.

ಮಿರಾ. ಕಾದು ಕಾದು ರಸ್ತೆ ದಾಟಿ ಬಂದಿದ್ದಳು. ಒಳಗೆ ಕತ್ತಲೆ. ಎರಡೂ ಕೈ ಕಣ್ಣಿನ ಪಕ್ಕಕ್ಕೆ ಹಿಡಿದು ಗಾಜಿಗೆ ಮುಖ ಒತ್ತಿದ್ದಳು. ದಾವಿತ್ ಕಂಬದ ಮರೆಗೆ ಸರಿದ. ಅಕ್ಕ ತಮ್ಮನ ನಡುವೆ ಒಂದು ಮಾರು ದೂರವೂ ಇರಲಿಲ್ಲ.

ಅವನು ನನ್ನ ಅಂಗೈಯಲ್ಲಿ ಕೀಲಿ ಇಟ್ಟ. "ನೀವೇ ತೀರ್ಮಾನ ಮಾಡಿ," ಎಂದು ಪಿಸುಗುಟ್ಟಿದ. "ನಾನು ಸತ್ತೆನೆಂದರೆ ಅವಳು ಅತ್ತು ಸುಧಾರಿಸಿಕೊಳ್ಳುತ್ತಾಳೆ. ಬದುಕಿದ್ದೇನೆ ಎಂದರೆ ಯಾರ ಬದಲು ಎಂದೂ ಹೇಳಬೇಕಾಗುತ್ತದೆ."

"ಪ್ರಭಾ," ಎಂದು ಗಾಜಿನಾಚೆಯಿಂದ ಮಿರಾ ಕೂಗಿದಳು. "ಏನಂದ ಅವನು? ಕಾರಿನಲ್ಲಿ ಯಾರಿದ್ದದ್ದು?"